ನಾಯಿಯ ಎಲುಬು, ನಮ್ಮ ಋಣ

ಸಿಂಧನೂರಿನಿಂದ ಮಸ್ಕಿಯ ಮೇಲೆ ಹಾಯ್ದು ಲಿಂಗಸುಗೂರಿಗೆ ಹೋಗುವ ರಸ್ತೆ ನನಗೆ ಮೂರು ದಶಕಗಳಿಂದ ಪರಿಚಿತ. ಲಿಂಗಸುಗೂರಿನ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ದಿನಗಳಲ್ಲಿ ಸಿಂಧನೂರಿನ ಮನೆಯಿಂದ ನಿತ್ಯವೂ ಇದೇ ದಾರಿಯಲ್ಲಿ ಬಸ್ಸಿನ ಪಯಣ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವಷ್ಟು ದೂರ ಭತ್ತದ ಹಸಿರು. ಅದು ಮುಗಿದ ಮೇಲೆ ಎರೆಹೊಲ, ಜೋಳ, ತೊಗರಿ, ಕಲ್ಲುಗುಡ್ಡ, ಅಲ್ಲಲ್ಲಿ ಕುರಿಹಿಂಡು. ಸುಗ್ಗಿ ಬಂತೆಂದರೆ ಭತ್ತದ ಲಾರಿಗಳು ಹಗಲಿರುಳೆನ್ನದೆ ಓಡುತ್ತವೆ. ಆ ದಿನಗಳಲ್ಲಿ ರಸ್ತೆಯ ಅಂಚಿನಲ್ಲಿ ಸತ್ತುಬಿದ್ದ ನಾಯಿಯನ್ನು ಕಾಣದೆ ಊರು ಸೇರಿದ್ದು ಅಪರೂಪ. ಕಂಡ ಕೂಡಲೇ ಮುಖ ತಿರುಗಿಸುವುದನ್ನು ಎಲ್ಲರಂತೆ ನಾನೂ ಕಲಿತಿದ್ದೆ.

ಎರಡು ವರ್ಷಗಳ ಹಿಂದಿನ ಸುಗ್ಗಿಯ ಒಂದು ಸಂಜೆ ಮುಖ ತಿರುಗಿಸಲು ಆಗಲಿಲ್ಲ. ಮಸ್ಕಿ ಇನ್ನೂ ಎರಡು-ಮೂರು ಮೈಲಿ ಇರುವಾಗ ಕುರಿಹಿಂಡೊಂದು ರಸ್ತೆ ದಾಟುತ್ತಿತ್ತು. ನಮ್ಮ ಬಸ್ಸಿನ ಮುಂದಿದ್ದ ಲಾರಿ ಹಿಂಡಿನ ಕೊನೆಯಲ್ಲಿದ್ದ ನಾಯಿಗೆ ಬಡಿದು ನಿಲ್ಲದೆ ಹೋಯಿತು. ಬಸ್ಸು ನಿಂತಿತು. ಇಳಿದವರಲ್ಲಿ ನಾನೂ ಒಬ್ಬ. ಕಂಬಳಿ ಹೊದ್ದ ಮುದುಕನೊಬ್ಬ ರಸ್ತೆಬದಿಯಲ್ಲಿ ಕುಳಿತು ಕಪ್ಪು ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಮುಂಗಾಲು ಮೊಣಕೈಗಿಂತ ಕೆಳಗೆ ಮುರಿದು ಜೋತಾಡುತ್ತಿತ್ತು. ಯಾರೋ ನನ್ನನ್ನು ಗುರುತಿಸಿ ‘ಮಾಸ್ತರು’ ಎಂದರು. ಮುದುಕ ತಲೆಯೆತ್ತಿ ಕೇಳಿದ: ‘ಮಾಸ್ತರ್ರ, ಕರಿಯನ ಕಾಲು ಕೂಡತೈತೇನ್ರಿ?’

‘ನಾಯಿ ಎಲುಬು ಬೇಗ ಕೂಡತೈತಿ ತಾತ, ದಬ್ಬಿ ಇಟ್ಟು ಬಿಗಿ ಕಟ್ರಿ’ ಎಂದೆ. ಹೊಲದ ಬದುವಿನಿಂದ ಬಿದಿರಿನ ಎರಡು ದಬ್ಬೆ ಬಂದವು. ನನ್ನ ಹೆಗಲ ಮೇಲಿದ್ದ ಟವೆಲನ್ನೇ ಹರಿದು ಕಟ್ಟಲು ಕೈಹಚ್ಚಿದೆ. ಉಪಕಾರ ಮಾಡಿದ ತೃಪ್ತಿಯಲ್ಲಿ ಬಸ್ಸು ಹತ್ತಿದೆ.

ಎರಡೂವರೆ ತಿಂಗಳ ನಂತರ ಮಸ್ಕಿಯ ಸಂತೆಯಲ್ಲಿ ಅದೇ ಮುದುಕ ಸಿಕ್ಕ. ಕರಿಯ ಮೂರು ಕಾಲಿನ ಮೇಲೆ ಅವನ ಹಿಂದೆ ಕುಪ್ಪಳಿಸುತ್ತ ಬರುತ್ತಿತ್ತು. ಮುರಿದ ಜಾಗದಲ್ಲಿ ಇನ್ನೊಂದು ಕೀಲು ಹುಟ್ಟಿಕೊಂಡಂತೆ ಕಾಲು ಅತ್ತಿತ್ತ ಅಲ್ಲಾಡುತ್ತಿತ್ತು. ಮುದುಕ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ನನಗೆ ಹೆಚ್ಚು ನೋವಾಯಿತು.

ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿದವನಿಗೆ ಮೂಳೆ ಹೇಗೆ ಕೂಡುತ್ತದೆ ಎಂಬುದು ಪುಸ್ತಕದ ಮಟ್ಟಿಗೆ ಗೊತ್ತಿತ್ತು. ಏಕೆ ಕೂಡುವುದಿಲ್ಲ ಎಂಬುದು ಗೊತ್ತಿರಲಿಲ್ಲ. ಮುರಿದ ಮೂಳೆಯ ಸುತ್ತ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನೊಳಗೆ ಎಳೆಯ ರಕ್ತನಾಳಗಳೂ ಜೀವಕೋಶಗಳೂ ನುಗ್ಗುತ್ತವೆ. ಮೆದುವಾದ ಮೃದ್ವಸ್ಥಿಯ ಗಂಟು ಕಟ್ಟಿಕೊಂಡು ಕ್ರಮೇಣ ಗಟ್ಟಿ ಮೂಳೆಯಾಗುತ್ತದೆ. ಇಷ್ಟೆಲ್ಲ ನಡೆಯಬೇಕಾದರೆ ಮುರಿದ ತುದಿಗಳು ಅಲುಗಾಡದೆ ಇರಬೇಕು, ಅಲ್ಲಿಗೆ ರಕ್ತ ಸಾಕಷ್ಟು ಹರಿಯಬೇಕು, ಸೋಂಕು ಸೇರಬಾರದು. ಕಟ್ಟು ಕಟ್ಟುವುದಾದರೆ ಮುರಿದ ಜಾಗದ ಮೇಲಿನ ಕೀಲು, ಕೆಳಗಿನ ಕೀಲು ಎರಡೂ ಅದರೊಳಗೆ ಸೇರಬೇಕು. ನಾವು ಕಟ್ಟಿದ್ದು ಮುರಿದ ಜಾಗಕ್ಕೆ ಮಾತ್ರ. ಕರಿಯ ಹೆಜ್ಜೆಯಿಟ್ಟಾಗಲೆಲ್ಲ ಎಲುಬಿನ ತುದಿಗಳು ಒಂದಕ್ಕೊಂದು ತೇದವು. ಕೊನೆಗೆ ದೇಹವೇ ಸೋತು ನಡುವೆ ನಾರು ತುಂಬಿಸಿ ಕೈಬಿಟ್ಟಿತು. ವೈದ್ಯರು ಇದನ್ನು ‘ಕೂಡದ ಮುರಿತ’ ಎನ್ನುತ್ತಾರೆ.

ನಾಯಿಗಳ ಮುಂಗಾಲಿನ ಕೆಳಭಾಗ ಈ ವಿಷಯದಲ್ಲಿ ಕುಖ್ಯಾತ. ಅಲ್ಲಿ ಮಾಂಸಖಂಡದ ಹೊದಿಕೆ ತೆಳು, ಹೀಗಾಗಿ ಹೊರಗಿನಿಂದ ಒದಗುವ ರಕ್ತವೂ ಕಡಿಮೆ. ಪೇಟೆಯ ಮನೆಗಳಲ್ಲಿ ಸಾಕುವ ಪೊಮೆರೇನಿಯನ್‌ನಂಥ ಸಣ್ಣ ತಳಿಗಳಿಗೆ ಈ ತೊಂದರೆ ಇನ್ನೂ ಹೆಚ್ಚು; ಸೋಫಾದಿಂದ ಹಾರಿದರೂ ಮುರಿಯುವ ಆ ಎಲುಬು ಬರಿಯ ಕಟ್ಟಿನಿಂದ ಕೂಡುವುದು ಕಷ್ಟ. ಬರಿಯ ಅನ್ನ ಅಥವಾ ಬರಿಯ ಮಾಂಸ ತಿಂದು ಬೆಳೆದ ಮರಿಗಳ ಕಥೆ ಬೇರೆ. ಸುಣ್ಣದ ಅಂಶ ಸಾಲದೆ ಅವುಗಳ ದೇಹ ಸ್ವಂತ ಎಲುಬನ್ನೇ ಕರಗಿಸಿಕೊಳ್ಳುತ್ತದೆ. ಪೆಟ್ಟೇ ಬೀಳದಿದ್ದರೂ ಎಲುಬು ಹಸಿಕಡ್ಡಿಯಂತೆ ಬಾಗಿ ಮುರಿಯುತ್ತದೆ. ಪ್ರೀತಿಯಿಂದ ಸಾಕಿದವರಿಗೂ ಇದು ತಿಳಿದಿರುವುದಿಲ್ಲ.

<b>ಭುಜದೊಳಗಿನ ಔಷಧ</b>

ಕರಿಯನನ್ನು ಸಿಂಧನೂರಿಗೆ ಕರೆತಂದೆ. ತೋರಿಸಿದ ಮೊದಲ ಕಡೆ ಕಾಲು ತೆಗೆಸಿಬಿಡಿ ಎಂಬ ಸಲಹೆ ಬಂತು. ಅದು ತಪ್ಪು ಸಲಹೆಯೇನಲ್ಲ. ಮೂರು ಕಾಲಿನ ಮೇಲೆ ಸುಖವಾಗಿ ಬಾಳುವ ಮನೆನಾಯಿಗಳು ಎಷ್ಟೋ ಇವೆ. ಮುದುಕನ ಮಾತು ಬೇರೆಯಿತ್ತು: ‘ಕಾಲು ತಗಸೂದು ಬ್ಯಾಡ್ರಿ ಸರ. ತ್ವಾಳ ಬಂದ್ರ ಮೂರು ಕಾಲಾಗ ಹೆಂಗ ಬೆನ್ನು ಹತ್ತತೈತಿ?’ ಇದು ಭಾವುಕತೆಯ ಮಾತಲ್ಲ, ಬದುಕಿನ ಲೆಕ್ಕ. ಕಾಲಿಲ್ಲದ ಕುರಿನಾಯಿಯನ್ನು ಸಾಕುವ ಶಕ್ತಿ ಅಲೆಮಾರಿ ಕುರಿಗಾರನಿಗಿಲ್ಲ.

ಕೊನೆಗೆ ನೂರಾರು ಕಿಲೋಮೀಟರ್ ದೂರದ ಪಶುವೈದ್ಯಕೀಯ ಕಾಲೇಜೊಂದರ ಆಸ್ಪತ್ರೆಗೆ ಹೋದೆವು. ಗಾಡಿಯ ಬಾಡಿಗೆಗೆಂದು ಮುದುಕ ಒಂದು ಟಗರುಮರಿಯನ್ನು ಮಾರಿದ್ದ, ಬೇಡವೆಂದರೂ ಕೇಳಲಿಲ್ಲ. ಎಕ್ಸ್‌ರೇಯಲ್ಲಿ ಎಲುಬಿನ ಎರಡೂ ತುದಿಗಳು ನದಿಯ ಗುಂಡುಕಲ್ಲಿನಂತೆ ನುಣುಪಾಗಿ ದುಂಡಗಾಗಿದ್ದವು. ಒಳಗಿನ ಮಜ್ಜೆಯ ನಾಳದ ಬಾಯಿ ಮುಚ್ಚಿಹೋಗಿತ್ತು. ಬರಿಯ ಪ್ಲೇಟ್ ಕೂಡಿಸಿದರೆ ಸಾಲದು, ಮೂಳೆ ಕಸಿ ಮಾಡಬೇಕು ಎಂದರು ಶಸ್ತ್ರವೈದ್ಯರು. ನಾನು ಎಲ್ಲೋ ಓದಿದ್ದ ‘ಗ್ರೋಥ್ ಫ್ಯಾಕ್ಟರ್’, ಅಂದರೆ ಬೆಳವಣಿಗೆಯ ಅಂಶಗಳ ಬಗ್ಗೆ ಕೇಳಿದೆ. ಅವರು ನಕ್ಕು, ಈ ನಾಯಿಗೆ ಬೇಕಾದ ಔಷಧ ಇದರ ಭುಜದೊಳಗೇ ಇದೆ ಎಂದರು.

ಆ ಮಾತಿನ ಅರ್ಥ ಹೀಗೆ. ನಾಯಿಯ ತೋಳೆಲುಬಿನ ಮೇಲ್ತುದಿಯಲ್ಲಿ, ಅಂದರೆ ಭುಜದ ಹತ್ತಿರ, ಗಟ್ಟಿ ಚಿಪ್ಪಿನ ಒಳಗೆ ಜೇನುಹುಟ್ಟಿನಂಥ ಮೆತ್ತನೆಯ ಮೂಳೆಯಿರುತ್ತದೆ. ಸೊಂಟದ ಎಲುಬಿನಲ್ಲೂ ಮೊಣಕಾಲಿನ ಕೆಳಗೂ ಇಂಥದೇ ಭಂಡಾರಗಳಿವೆ. ಚಿಪ್ಪಿಗೆ ಚಿಕ್ಕ ರಂಧ್ರ ಕೊರೆದು ಚಮಚದಂಥ ಉಪಕರಣದಿಂದ ಅದನ್ನು ಕೆರೆದು ತೆಗೆಯುತ್ತಾರೆ. ಮುರಿದ ಜಾಗದ ನಾರನ್ನೆಲ್ಲ ಸವರಿ, ಮುಚ್ಚಿದ ಮಜ್ಜೆಯ ನಾಳವನ್ನು ತೆರೆದು, ಪ್ಲೇಟ್ ಮತ್ತು ಸ್ಕ್ರೂಗಳಿಂದ ಎಲುಬನ್ನು ಅಲುಗದಂತೆ ಬಿಗಿದ ಮೇಲೆ, ತೆಗೆದ ಮೂಳೆಯನ್ನು ಅಲ್ಲಿ ತುಂಬುತ್ತಾರೆ. ತೆಗೆಯುವುದಕ್ಕೂ ತುಂಬುವುದಕ್ಕೂ ನಡುವೆ ಹೊತ್ತು ಕಳೆಯುವಂತಿಲ್ಲ, ಅದು ಒಣಗುವಂತಿಲ್ಲ. ರಕ್ತದಲ್ಲಿ ತೊಯ್ದ ಬಟ್ಟೆಯಲ್ಲಿಟ್ಟು ಕಾಪಾಡಬೇಕು. ಅದು ಜೀವಂತ ವಸ್ತು.

ನಮ್ಮ ಕಾಲುವೆ ಸೀಮೆಯ ರೈತರಿಗೆ ಇದನ್ನು ವಿವರಿಸುವುದು ಸುಲಭ. ಇದು ಭತ್ತದ ನಾಟಿಯಿದ್ದಂತೆ. ಸಸಿಮಡಿಯಿಂದ ಕಿತ್ತ ಸಸಿಯನ್ನು ತಡಮಾಡದೆ ಹದವಾದ ಗದ್ದೆಗೆ ನೆಡುತ್ತೇವೆ. ಕಸಿ ಮಾಡಿದ ಮೂಳೆಯಲ್ಲಿ ಮೂರು ಗುಣಗಳಿವೆ. ಹೊಸ ಮೂಳೆ ಕಟ್ಟಬಲ್ಲ ಜೀವಕೋಶಗಳು ಅದರಲ್ಲಿವೆ. ಸುತ್ತಲಿನ ಸಾಮಾನ್ಯ ಜೀವಕೋಶಗಳಿಗೆ ‘ನೀವೂ ಮೂಳೆಯಾಗಿರಿ’ ಎಂದು ಆದೇಶಿಸುವ ರಾಸಾಯನಿಕಗಳಿವೆ. ಬಳ್ಳಿ ಹಬ್ಬಲು ಬೇಕಾದ ಹಂದರದಂತೆ ರಕ್ತನಾಳಗಳು ಹಬ್ಬಿಕೊಳ್ಳುವ ಜಾಲರಿಯೂ ಅದೇ ಆಗಿದೆ. ಬೇರೆ ನಾಯಿಯಿಂದ ಪಡೆದು ಶೈತ್ಯದಲ್ಲಿ ಕಾಪಿಟ್ಟ ಮೂಳೆಯಲ್ಲಿ ಜೀವಂತ ಕೋಶಗಳಿರುವುದಿಲ್ಲ. ಅದು ಮುಖ್ಯವಾಗಿ ಹಂದರ ಮಾತ್ರ. ಮೂರನ್ನೂ ಒಟ್ಟಿಗೆ ಕೊಡುವುದು ಸ್ವಂತ ಮೂಳೆಯೇ. ಅದಕ್ಕೆ ಅಂಗಡಿಯಿಲ್ಲ, ಬೆಲೆಯಿಲ್ಲ, ದೇಹ ತಿರಸ್ಕರಿಸುವ ಭಯವೂ ಇಲ್ಲ.

<b>ಆದೇಶ ಕೊಡುವ ಪ್ರೋಟೀನು</b>

ಆ ಎರಡನೆಯ ಗುಣದ ರಹಸ್ಯವೇ ಬೆಳವಣಿಗೆಯ ಅಂಶಗಳ ಕಥೆ. 1965ರಲ್ಲಿ ಅಮೆರಿಕದ ಮಾರ್ಷಲ್ ಯುರಿಸ್ಟ್ ಎಂಬ ಮೂಳೆತಜ್ಞ, ಸುಣ್ಣದ ಅಂಶವನ್ನು ಪೂರ್ತಿ ತೆಗೆದ ಮೂಳೆಯ ತುಣುಕನ್ನು ಪ್ರಾಣಿಗಳ ಮಾಂಸಖಂಡದೊಳಗೆ ಹುದುಗಿಸಿದರು. ಮೂಳೆಗೆ ಕೆಲಸವೇ ಇಲ್ಲದ ಆ ಜಾಗದಲ್ಲಿ ಹೊಸ ಮೂಳೆ ಹುಟ್ಟಿತು. ಇದಕ್ಕೆ ಕಾರಣವಾದ ವಸ್ತುವನ್ನು ಅವರು ‘ಬೋನ್ ಮಾರ್ಫೋಜೆನೆಟಿಕ್ ಪ್ರೋಟೀನ್’ ಎಂದು ಕರೆದರು. ಅದನ್ನು ಮೂಳೆಯಿಂದ ಬೇರ್ಪಡಿಸಿ, ಮತ್ತೆ ಬೆರೆಸಿ, ಅದರ ಶಕ್ತಿಯನ್ನು 1981ರಲ್ಲಿ ತೋರಿಸಿಕೊಟ್ಟವರು ಭಾರತೀಯ ಮೂಲದ ಟಿ. ಕೆ. ಸಂಪತ್ ಮತ್ತು ಎ. ಹರಿ ರೆಡ್ಡಿ. 1988ರಲ್ಲಿ ಅದರ ಜೀನುಗಳು ಪತ್ತೆಯಾದವು. 2002ರಲ್ಲಿ ಪ್ರಯೋಗಾಲಯದಲ್ಲಿ ತಯಾರಾದ ಇಂಥ ಪ್ರೋಟೀನಿಗೆ ಮನುಷ್ಯರ ಬೆನ್ನೆಲುಬಿನ ಶಸ್ತ್ರಚಿಕಿತ್ಸೆಯಲ್ಲಿ ಬಳಸಲು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ವಿದೇಶದ ಪಶು ಆಸ್ಪತ್ರೆಗಳು ಕೂಡದ ಎಲುಬಿಗೆ ಇದನ್ನು ನಾಯಿಗಳಲ್ಲೂ ಬಳಸಿವೆ.

ಆದರೆ ಉತ್ಸಾಹಕ್ಕೊಂದು ಎಚ್ಚರವೂ ಬೇಕು. ಬೇಡದ ಕಡೆ ಮೂಳೆ ಬೆಳೆಯುವುದು, ಊತ ಮುಂತಾದ ಅಡ್ಡಪರಿಣಾಮಗಳು ಮನುಷ್ಯರಲ್ಲಿ ಕಂಡುಬಂದು, 2011ರ ಹೊತ್ತಿಗೆ ಈ ಪ್ರೋಟೀನಿನ ಆರಂಭಿಕ ಸಂಶೋಧನೆಗಳ ಪ್ರಾಮಾಣಿಕತೆಯ ಬಗೆಗೇ ವೈದ್ಯಲೋಕದಲ್ಲಿ ದೊಡ್ಡ ವಾಗ್ವಾದ ನಡೆಯಿತು. ಬೆಲೆಯೂ ಸಾಮಾನ್ಯರ ಕೈಗೆ ಎಟುಕುವಂಥದ್ದಲ್ಲ. ಇದಕ್ಕಿಂತ ಅಗ್ಗದ ದಾರಿ ಪ್ಲೇಟ್‌ಲೆಟ್‌ಗಳದು. ನಾಯಿಯದೇ ಸ್ವಲ್ಪ ರಕ್ತ ತೆಗೆದು ಯಂತ್ರದಲ್ಲಿ ತಿರುಗಿಸಿದರೆ ಪ್ಲೇಟ್‌ಲೆಟ್ ಹೆಚ್ಚಿರುವ ಪದರ ಬೇರೆಯಾಗುತ್ತದೆ. ಗಾಯ ಮಾಯಿಸುವ, ರಕ್ತನಾಳ ಚಿಗುರಿಸುವ ಹಲವು ಅಂಶಗಳು ಅದರೊಳಗಿವೆ. ಅದನ್ನು ಕಸಿಮೂಳೆಯೊಡನೆ ಬೆರೆಸಿ ತುಂಬುವ ಪ್ರಯೋಗಗಳು ಹಲವೆಡೆ ನಡೆದಿವೆ. ಫಲಿತಾಂಶ ಎಲ್ಲ ಕಡೆ ಒಂದೇ ತೆರನಾಗಿಲ್ಲ. ಗದ್ದೆ ಹದ ಮಾಡದೆ ಗೊಬ್ಬರ ಸುರಿದರೆ ಬೆಳೆ ಬರುವುದೇ? ಎಲುಬು ಅಲುಗದಂತೆ ನಿಲ್ಲಿಸದೆ, ಸೋಂಕು ತೊಳೆಯದೆ ಯಾವ ಅಂಶ ಸುರಿದರೂ ವ್ಯರ್ಥ.

ಕರಿಯನಿಗೆ ಮಾಡಿದ್ದು ಭುಜದ ಮೂಳೆಯ ಕಸಿ ಮತ್ತು ಪ್ಲೇಟ್ ಮಾತ್ರ. ಆಮೇಲಿನದು ನಮ್ಮ ಪಾಲಿನ ಕೆಲಸ. ಓಡಾಟವಿಲ್ಲದ ವಿಶ್ರಾಂತಿ ಬೇಕಿತ್ತು. ಅಲೆಮಾರಿ ಕುರಿಹಟ್ಟಿಯಲ್ಲಿ ಅದೆಲ್ಲಿಯದು? ಹೀಗಾಗಿ ಕರಿಯ ಸಿಂಧನೂರಿನ ನಮ್ಮ ಮನೆಯ ಹಿತ್ತಿಲಿನಲ್ಲಿ ಉಳಿಯಿತು. ಮನೆಯವರು ಮೊದಲ ವಾರ ಮುಖ ಗಂಟಿಕ್ಕಿಕೊಂಡಿದ್ದರು; ಎರಡನೆಯ ವಾರ ಹಾಲು-ರೊಟ್ಟಿ ಕಲಸುವುದು ಅವರದೇ ಕೆಲಸವಾಯಿತು. ಮುದುಕ ಪ್ರತಿ ಸಂಜೆ ಯಾವುದೋ ಹೊಲದಿಂದ ಫೋನು ಮಾಡುತ್ತಿದ್ದ. ಎಂಟನೆಯ ವಾರದ ಎಕ್ಸ್‌ರೇಯಲ್ಲಿ ಎರಡು ತುದಿಗಳ ನಡುವೆ ಮಂಜಿನಂಥ ಬಿಳುಪು ಕಾಣಿಸಿತು. ಹದಿಮೂರನೆಯ ವಾರ ಅದು ಸೇತುವೆಯಾಗಿತ್ತು. ಈಗ ಕರಿಯನ ನಡಿಗೆಯಲ್ಲಿ ಸಣ್ಣ ಕುಂಟು ಉಳಿದಿದೆ. ಮೊದಲಿನ ಓಟವಿಲ್ಲ. ಆದರೆ ನಾಲ್ಕು ಕಾಲಿನ ಮೇಲೆ ಹಿಂಡಿನ ಜೊತೆಗಿದೆ, ರಾತ್ರಿ ಕಾವಲಿಗಿದೆ.

<b>ಯಾರ ಋಣ?</b>

ಮನುಷ್ಯರಿಗೇ ಸರಿಯಾದ ಚಿಕಿತ್ಸೆ ಸಿಗದ ಸೀಮೆಯಲ್ಲಿ ನಾಯಿಯ ಎಲುಬಿನ ಮಾತೇಕೆ ಎಂದು ಓದುಗರು ಕೇಳಬಹುದು. ನಾಯಿಕಡಿತದ ಸುದ್ದಿ ನಿತ್ಯ ಬರುತ್ತಿರುವಾಗ, 2025ರಲ್ಲಿ ಸುಪ್ರೀಂ ಕೋರ್ಟ್ ಕೂಡ ಬೀದಿನಾಯಿಗಳ ವಿಷಯದಲ್ಲಿ ಮತ್ತೆ ಮತ್ತೆ ಆದೇಶ ನೀಡಬೇಕಾಗಿ ಬಂದಿರುವಾಗ, ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ರೇಬೀಸ್ ತಡೆಯಬೇಕು, ಸಂತಾನಹರಣ ನಡೆಯಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ನಾಯಿ ಎಂದರೆ ಪೇಟೆಯ ಶೋಕಿ ಅಥವಾ ಬೀದಿಯ ಪೀಡೆ, ಇವೆರಡೇ ಎಂದು ತಿಳಿದಿರುವುದು ನಗರದ ಕಣ್ಣಿನ ದೋಷ. ನಮ್ಮ ಕಡೆ ನಾಯಿ ದುಡಿಯುವ ಜೀವ. ಪಕ್ಕದ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗಾಗಿಯೇ ವನ್ಯಧಾಮ ರೂಪುಗೊಂಡಿದೆ. ತೋಳ ಉಳಿಯಬೇಕಾದರೆ ಕುರಿಗಾರ ಅದಕ್ಕೆ ವಿಷವಿಡದಂತಿರಬೇಕು. ಕುರಿಗಾರ ವಿಷವಿಡದಿರಬೇಕಾದರೆ ಅವನ ಹಿಂಡಿಗೆ ಗಟ್ಟಿ ನಾಯಿ ಇರಬೇಕು. ಮುಧೋಳದ ನಾಯಿಗೆ 2005ರಲ್ಲಿ ಅಂಚೆಚೀಟಿಯ ಗೌರವ ಸಿಕ್ಕಿತು, ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರವೂ ಬಂತು. ಹೆಸರಿಲ್ಲದ ತಳಿಯ ಕರಿಯನಂಥವಕ್ಕೆ ಎಕ್ಸ್‌ರೇಯಾದರೂ ಬೇಡವೇ?

ಇನ್ನೊಂದು ಹಳೆಯ ಲೆಕ್ಕವೂ ಬಾಕಿಯಿದೆ. ಮೂಳೆ ಕಸಿಯ ಅತಿ ಹಳೆಯ ದಾಖಲೆಗಳಲ್ಲಿ ಒಂದು 1668ರದು. ಹಾಲೆಂಡಿನ ಶಸ್ತ್ರವೈದ್ಯ ಯೋಬ್ ವಾನ್ ಮೀಕರನ್ ಅದನ್ನು ಬರೆದಿಟ್ಟಿದ್ದಾನೆ. ಕತ್ತಿಯೇಟಿನಿಂದ ತಲೆಬುರುಡೆ ಒಡೆದ ರಷ್ಯಾದ ಯೋಧನೊಬ್ಬನಿಗೆ ನಾಯಿಯ ತಲೆಬುರುಡೆಯ ತುಣುಕನ್ನು ಕೂಡಿಸಲಾಯಿತಂತೆ. ಗಾಯ ಮಾಯಿತು. ಪ್ರಾಣಿಯ ಎಲುಬು ಹೊತ್ತವನೆಂದು ಚರ್ಚು ಅವನನ್ನು ಹೊರಗಿಟ್ಟಿತು. ಅದನ್ನು ತೆಗೆಸಿಕೊಳ್ಳಲು ಅವನು ಮರಳಿ ಬಂದಾಗ, ತೆಗೆಯಲಾಗದಷ್ಟು ಬೆಸೆದುಹೋಗಿತ್ತು. ಕಥೆ ಎಷ್ಟು ನಿಜವೋ, ಆಮೇಲಿನದಂತೂ ನಿಜ. ಮನುಷ್ಯರ ಮೂಳೆ ಕಸಿ, ಪ್ಲೇಟ್, ಬೆಳವಣಿಗೆಯ ಅಂಶ ಇವೆಲ್ಲವನ್ನೂ ಮೊದಲು ಪರೀಕ್ಷಿಸಿದ್ದು ಪ್ರಾಣಿಗಳ ಮೇಲೆ, ಅವುಗಳಲ್ಲಿ ನಾಯಿಗಳೂ ಬಹಳ. ನಮ್ಮ ಮನೆಯ ಹಿರಿಯರ ಮುರಿದ ಸೊಂಟವೋ ಕಾಲೋ ಇಂದು ಕೂಡುತ್ತಿರುವುದರ ಹಿಂದೆ ಹೆಸರಿಲ್ಲದ ಎಷ್ಟೋ ನಾಯಿಗಳ ನೋವಿದೆ. ಆ ಜ್ಞಾನವನ್ನು ನಾಯಿಗೇ ಮರಳಿಸುವುದು ದಾನವಲ್ಲ, ಸಾಲ ತೀರಿಸುವುದು.

ಬೇಕಾಗಿರುವುದು ದೊಡ್ಡದೇನಲ್ಲ. ನಮ್ಮ ತಾಲ್ಲೂಕು ಪಶು ಆಸ್ಪತ್ರೆಗಳು ದನ, ಎಮ್ಮೆ, ಕುರಿಗಳಿಗಾಗಿ ರೂಪುಗೊಂಡವು. ಕಾಲುಬಾಯಿ ಬೇನೆಯ ಲಸಿಕೆ, ಕೃತಕ ಗರ್ಭಧಾರಣೆಗಳಲ್ಲೇ ವೈದ್ಯರ ದಿನ ಮುಗಿಯುತ್ತದೆ. ಅವರನ್ನು ದೂರುವುದು ನ್ಯಾಯವಲ್ಲ. ಆದರೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರಕ್ಕೂ ಸೇರಿ ಒಂದು ಕಡೆಯಾದರೂ ಎಕ್ಸ್‌ರೇ, ಅರಿವಳಿಕೆಯ ವ್ಯವಸ್ಥೆ, ಮೂಳೆ ಶಸ್ತ್ರಚಿಕಿತ್ಸೆಯ ಉಪಕರಣ, ತರಬೇತಾದ ಒಬ್ಬ ವೈದ್ಯ ಇರಬಾರದೇ? ಅದೇ ಕೋಣೆಯಲ್ಲಿ ಕಾಲು ಮುರಿದ ಕರು, ಮೇಕೆಗಳಿಗೂ ಚಿಕಿತ್ಸೆಯಾಗುತ್ತದೆ. ಬೀದರ್‌ನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ಅಲ್ಲಿನ ಶಸ್ತ್ರವೈದ್ಯರು ತಿಂಗಳಿಗೊಮ್ಮೆ ಬಂದು ಕಲಿಸಬಹುದು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ಇದಕ್ಕೊಂದು ಸಣ್ಣ ಪಾಲು ಸಾಕು. ಭುಜದ ಮೂಳೆಯನ್ನಂತೂ ಯಾರೂ ಮಂಜೂರು ಮಾಡಬೇಕಾಗಿಲ್ಲ.

ಅಲ್ಲಿಯವರೆಗೆ ನಾವು ಮಾಡಬಹುದಾದದ್ದೂ ಇದೆ. ಪೆಟ್ಟಾದ ನಾಯಿ ಸಾಕಿದವರನ್ನೂ ಕಚ್ಚುತ್ತದೆ. ಉಸಿರಾಟಕ್ಕೆ ತೊಂದರೆಯಿಲ್ಲದಿದ್ದರೆ ಮೊದಲು ಮೂತಿಗೆ ಬಟ್ಟೆ ಸುತ್ತಬೇಕು. ಹಲಗೆಯ ಮೇಲೋ ಕಂಬಳಿಯಲ್ಲೋ ಮಲಗಿಸಿ ಎತ್ತಬೇಕು. ಮುರಿದ ಕಾಲನ್ನು ಎಳೆದು ಸರಿಮಾಡಲು ಹೋಗಬಾರದು, ಬಿಗಿಯಾಗಿ ಕಟ್ಟಬಾರದು. ರಕ್ತ ನಿಂತರೆ ಕಾಲೇ ಕೊಳೆಯುತ್ತದೆ. ಮನೆಯಲ್ಲಿರುವ ನೋವಿನ ಮಾತ್ರೆ ಕೊಡಬಾರದು. ನಮಗೆ ಹಿತವಾದ ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳು ನಾಯಿಗೆ ವಿಷ. ಕಚ್ಚಿಸಿಕೊಂಡರೆ ಹದಿನೈದು ನಿಮಿಷ ಸೋಪುನೀರಿನಲ್ಲಿ ಗಾಯ ತೊಳೆದು ಅಂದೇ ಲಸಿಕೆ ಹಾಕಿಸಿಕೊಳ್ಳಬೇಕು. ಆ ಸಂಜೆ ನನಗೆ ಇಷ್ಟು ತಿಳಿದಿದ್ದರೆ ಮುದುಕನ ಟಗರುಮರಿ ಬಹುಶಃ ಉಳಿಯುತ್ತಿತ್ತು.

ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನವಿದೆ. 1915ರಲ್ಲಿ ಬೆಳಕಿಗೆ ಬಂದ ಆ ಬಂಡೆಯ ಮೇಲೆ ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರು ಸ್ಪಷ್ಟವಾಗಿ ಕೆತ್ತಲ್ಪಟ್ಟಿದ್ದರಿಂದಲೇ, ಉಳಿದ ಶಾಸನಗಳ ಅರಸ ಯಾರೆಂಬ ಸಂದೇಹ ಕಳೆಯಿತು. ಅದೇ ಅರಸನ ಎರಡನೆಯ ಬಂಡೆಶಾಸನದಲ್ಲಿ ಎರಡು ಬಗೆಯ ಚಿಕಿತ್ಸೆಗಳ ಏರ್ಪಾಡು ಮಾಡಿದ ಮಾತಿದೆ: ಮನುಷ್ಯರಿಗೊಂದು, ಪಶುಗಳಿಗೊಂದು. ಆ ಶಾಸನದ ಪಾಠವೊಂದು ನಮಗೆ ತೀರ ದೂರವಲ್ಲದ, ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲೂ ಇದೆ. ರಸ್ತೆಗುಂಟ ಬಾವಿ ತೋಡಿಸಿದ್ದನ್ನೂ ಮರ ನೆಡಿಸಿದ್ದನ್ನೂ ಅವನು ಅಲ್ಲೇ ಹೇಳಿಕೊಂಡಿದ್ದಾನೆ. ಇಪ್ಪತ್ತೆರಡು ಶತಮಾನಗಳ ಹಿಂದೆ ರಸ್ತೆ, ಪ್ರಯಾಣಿಕ, ಪ್ರಾಣಿ ಮೂರನ್ನೂ ಒಂದೇ ಉಸಿರಿನಲ್ಲಿ ನೆನೆದ ಆಡಳಿತ ಅದು.

ಕಳೆದ ತಿಂಗಳು ಮಸ್ಕಿ ದಾಟುವಾಗ ಬಸ್ಸಿನ ಕಿಟಕಿಯಿಂದ ಹಿಂಡು ಕಂಡಿತು. ಗುಡ್ಡದ ನೆರಳಿನಲ್ಲಿ ಕುರಿಗಳು ಮೇಯುತ್ತಿದ್ದವು. ಕರಿಯ ಸ್ವಲ್ಪ ಕುಂಟುತ್ತ, ಆದರೆ ಎಲ್ಲಕ್ಕಿಂತ ಮುಂದೆ, ರಸ್ತೆಯ ಅಂಚಿಗೆ ಬಂದು ನಿಂತಿತ್ತು. ಲಾರಿಗಳು ಎಂದಿನಂತೆ ಓಡುತ್ತಲೇ ಇದ್ದವು. ಈ ಸಲ ನಾನು ಮುಖ ತಿರುಗಿಸಲಿಲ್ಲ.